ಯಾರೂ ಕಸಿಯದ ಚೆಂಡು

ನವೆಂಬರ್ 13, ಬುಧವಾರ, ಕ್ಲೀವ್‌ಲ್ಯಾಂಡ್

ನಿದ್ದೆ ಹತ್ತುತ್ತಿಲ್ಲ. ಭಾನುವಾರದ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ ಚೆಂಡು ಹೊತ್ತು ಓಡುವಾಗ ಕೈಜಾರಿ ಬೀಳಿಸಿದೆನಲ್ಲ, ಅದಕ್ಕೆ ಕೋಚ್ ಕೊಟ್ಟದ್ದು ಅದೇ ಹಳೆಯ ಶಿಕ್ಷೆ: ವಾರವಿಡೀ ಚೆಂಡು ಕಂಕುಳಲ್ಲೇ ಇರಬೇಕು, ತಂಡದವರು ಯಾರು ಬೇಕಾದರೂ ಕಸಿಯಬಹುದು. ನಾನು ತಂಡಕ್ಕೆ ಹೊಸಬನಾಗಿದ್ದಾಗ ಊಟಕ್ಕೆ ಕೂತರೂ ಬಿಡದೆ ಗುದ್ದಿ ಬೀಳಿಸುತ್ತಿದ್ದರು. ಇಂದು ತಟ್ಟೆ ಹಿಡಿದು ಹೋದರೆ ಎಲ್ಲರೂ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ನನ್ನ ಜಾಗಕ್ಕೆ ತಯಾರಾಗುತ್ತಿರುವ ಕೆಶಾನ್‌ಗೆ ನಾನೇ ಹೋಗಿ ಭುಜ ತಾಗಿಸಿದೆ.

"ಧೈರ್ಯ ಇದ್ರೆ ಕಿತ್ಕೊಳ್ಳೋ, ನೋಡೋಣ."

"ಬೇಡ ಬಿಡಣ್ಣ. ನಿನ್ನ ಮಂಡಿ ಮೊದ್ಲೇ ಸರಿಯಿಲ್ಲ, ಕೂತ್ಕೊ ಬಾ," ಎಂದು ಕುರ್ಚಿ ಎಳೆದು ಕೊಟ್ಟ.

ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಆ ಕುರ್ಚಿ ಇನ್ನೂ ಚುಚ್ಚುತ್ತಿದೆ.

ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ. ಚೆಂಡನ್ನು ಎಡಗಂಕುಳಲ್ಲಿ ಅದುಮಿಕೊಂಡೇ ಬರೆಯುತ್ತಿದ್ದೇನೆ, ಯಾರೋ ಕಸಿಯಲು ಬರುವವರಿದ್ದಾರೆ ಎನ್ನುವಂತೆ.