ಹಿತ್ತಲಿನ ಬಿಳಿ ಹಕ್ಕಿ

ನಾಶಿಕ
೧೨ ಜನವರಿ ೨೦೦೯

ಚಿ. ವಿಭಾಳಿಗೆ ಆಶೀರ್ವಾದಗಳು.

ರಾಮಕುಂಡದಲ್ಲಿ ಅಪ್ಪನ ಪಿಂಡವನ್ನು ಕಾಗೆ ಮುಟ್ಟಲಿಲ್ಲ. “ಅಣ್ಣಾ, ಇನ್ನೇನ ಬೇಕೋ ನಿನಗ?” ಎಂದು ನಿನ್ನ ಕಾಕಾ ಕೈಮುಗಿದು ಕೇಳಿದರು. ನಿನ್ನ ಹೆಸರನ್ನು ಯಾರೂ ಎತ್ತಲಿಲ್ಲ; ನಾನೂ ಎತ್ತಲಿಲ್ಲ.

ಮರುದಿನ ಹಿತ್ತಲಲ್ಲಿ, ಹಕ್ಕಿಗಳಿಗೆ ಕಾಳು ಹಾಕುವ ತಟ್ಟೆಯಲ್ಲಿ ಅನ್ನವಿಟ್ಟೆ. ಅಪ್ಪಟ ಬಿಳಿಯ ಹಕ್ಕಿಯೊಂದು ಗೋಡೆಯ ಮೇಲೆ ಕುಳಿತು ನನ್ನನ್ನೇ ನೋಡುತ್ತಿತ್ತು. “ವಿಭಾನ್ನ ಮನಿಗೆ ಕರೀತೀನ್ರಿ” ಎಂದೆ. ಆಗ ಇಳಿದು ತಿಂದಿತು. ಪಕ್ಷಿಗಳ ಪುಸ್ತಕ ತೆಗೆದು ಹೋಲಿಸಿದೆ. ಕೊಕ್ಕು, ನಡಿಗೆ, ಕೂಗು ಎಲ್ಲವೂ ಕಾಗೆಯದೇ. ಅಪರೂಪಕ್ಕೆ ಬಿಳಿಯವೂ ಹುಟ್ಟುತ್ತವಂತೆ.

ಈಗ ದಿನವೂ ಬಂದು ನಿನ್ನ ಕೋಣೆಯ ಕಿಟಕಿಯಲ್ಲಿ ಇಣುಕುತ್ತದೆ. ನೀನು ಅಮರನನ್ನು ಮದುವೆಯಾದ ದಿನ ಅಪ್ಪ ಆ ಕೋಣೆಗೆ ಹಾಕಿದ ಬೀಗವನ್ನು ನಿನ್ನೆ ಒಡೆಸಿದೆ.

ಔರಂಗಾಬಾದಿನಿಂದ ಇಬ್ಬರೂ ಬೇಗ ಬನ್ನಿ. ನಾನೊಬ್ಬಳೇ ಅದರ ಎದುರು ಕೂತಿರಲಾರೆ.

ನಿನ್ನ ಅಮ್ಮ,
ರಂಜನಿ