ಹೊಟ್ಟಿನ ಒಲೆಯ ನಡುವಿನ ಕಟ್ಟಿಗೆ

ಗಂಗಾವತಿ,
೧೯೮೬, ಯುಗಾದಿ ಮುಗಿದ ವಾರ

ಅಕ್ಕ ಗಾಳೆಮ್ಮನಿಗೆ, ಚಹಾ ಅಂಗಡಿಯ ಓಬಳೆಪ್ಪನ ಶರಣು.

ನಿನ್ನ ತಂಗಿಯ ಮಗ ದುರುಗಪ್ಪ ನಾಳೆ ಗೋವಾಕ್ಕೆ ಹೊರಟಿದ್ದಾನೆ. ಇದನ್ನು ಅವನೇ ನಿನಗೆ ಓದಿ ಹೇಳಲಿ. ಈ ವಯಸ್ಸಿನಲ್ಲಿ ನೀನು ಅಲ್ಲಿ ಕಟ್ಟಡದ ಕೆಲಸಕ್ಕೆ ಉಸುಕು ಹೊರುತ್ತೀಯೆಂದು ಅವನು ಹೇಳಿದಾಗ ಕುಡಿಯುತ್ತಿದ್ದ ಚಹಾ ಕೆಳಗಿಟ್ಟು ಈ ಕಾಗದ ಬರೆಯಲು ಕೂತೆ.

ಆನೆಗೊಂದಿಯ ಗುಡ್ಡದಿಂದ ನೀನು ಹೊತ್ತು ತಂದ ಕಟ್ಟಿಗೆಯಿಂದಲೇ ನನ್ನ ಒಲೆ ಉರಿಯುತ್ತಿತ್ತು. ಹೊರೆ ಇಳಿಸಿ, ಹೊರೆಯಡಿ ತಲೆಗಿಡುವ ಬಟ್ಟೆಯ ಸಿಂಬಿಯನ್ನು ಮಡಿಲಲ್ಲಿಟ್ಟುಕೊಂಡು, ದಿನದ ಮೊದಲ ಚಹಾ ನೀನೇ ಕುಡಿಯಬೇಕು. ಅದಕ್ಕೆ ಮುಂಚೆ ಯಾರು ಬಂದು ಕೇಳಿದರೂ ನಾನು ಕೊಟ್ಟವನಲ್ಲ. "ನಿನ್ನ ಚಾ ಕುಡುದ್ರ ಗುಡ್ಡ ಹತ್ತಿದ್ದು ಮರೀತೈತಿ. ನೀ ಸಕ್ರಿ ಹಾಕೂದು ಮರೀತಿ" ಎಂದು ನೀನು ಕಾಡಿಸುತ್ತಿದ್ದೆ.

ಆದರೆ ಗುಡ್ಡ ಬೋಳಾಗುತ್ತ ಬಂತು, ಒಣ ಕಟ್ಟಿಗೆ ಸಿಗದಾಯಿತು. ಹಸಿ ಕಟ್ಟಿಗೆಯ ಹೊಗೆಗೆ ನನ್ನ ಹೆಂಡತಿ ಹಂಪವ್ವ ಕೆಮ್ಮಿ ಕೆಮ್ಮಿ ಉಸಿರು ಕಟ್ಟಿ ಬೀಳುತ್ತಿದ್ದಳು. ದವಾಖಾನೆಯಲ್ಲಿ, ಹೊಗೆ ಬಿಡಿಸದಿದ್ದರೆ ಇವಳು ಉಳಿಯುವುದಿಲ್ಲ ಎಂದರು. ಅಕ್ಕಿ ಮಿಲ್ಲಿನವರು ಕಾಲುವೆಯ ದಂಡೆಗೆ ಸುರಿಯುತ್ತಿದ್ದ ಭತ್ತದ ಹೊಟ್ಟನ್ನು ಹೊತ್ತು ತಂದೆ. ತಗಡಿನ ಒಲೆ ಮಾಡಿಸಿದೆ.

ಮೊದಲ ದಿನ ಹೊಟ್ಟನ್ನು ಹಾಗೇ ಸುರಿದು ಬೆಂಕಿ ಹಚ್ಚಿದೆ. ಅಂಗಡಿಯೆಲ್ಲ ಹೊಗೆ, ಗಿರಾಕಿಗಳು ಎದ್ದು ಓಡಿದರು. ನೀನು ನಕ್ಕು ನಕ್ಕು ಸುಸ್ತಾದೆ. ಆಮೇಲೆ ನೀನೇ ನಿನ್ನ ಹೊರೆಯಿಂದ ನೆಟ್ಟನೆಯ ಕಟ್ಟಿಗೆಯೊಂದನ್ನು ಎಳೆದು ಒಲೆಯ ನಡುವೆ ನಿಲ್ಲಿಸಿದೆ.

"ಇದರ ಸುತ್ತ ಗಟ್ಟಿ ಗುದ್ದಿ ತುಂಬೋ ತಮ್ಮಾ. ಆಮ್ಯಾಲೆ ಕಟಗಿ ಮೆತ್ತಗ ಕಿತ್ತು ತಗಿ. ಗದ್ದಿ ಮಾಡಾಕ ಬಂದ ಕ್ಯಾಂಪಿನ ತೆಲುಗರ ಮನ್ಯಾಗ ನೋಡೇನಿ, ಹಿಂಗ ಮಾಡ್ತಾರ."

ನಾನು ಹಾಗೇ ಮಾಡಿದೆ. ನಡುವೆ ಉಳಿದ ತೂತಿನಿಂದ ಉರಿ ಎದ್ದಿತು. ಹಂಪವ್ವ ಅಂದು ಕೆಮ್ಮಲಿಲ್ಲ.

"ನಾಳಿ ಹೊರಿ ತರ್ಲೇನು?" ಎಂದು ನೀನು ಎದ್ದು ನಿಂತು ಕೇಳಿದೆ. ನಾನು ಹಂಪವ್ವನ ಮುಖ ನೋಡಿ, "ಬ್ಯಾಡಕ್ಕಾ" ಎಂದೆ. ಚಹಾ ಕುಡಿಯಲಾದರೂ ಬಾ ಎಂದು ಹಿಂದಿನಿಂದ ಕೂಗಿದೆ. "ಬರಿಗೈಲೆ ಬಂದು ಕುಂದರಾಕ ನಾನೇನು ನಿನಗ ಬೀಗತಿ ಏನೋ?" ಎಂದವಳು ಮತ್ತೆ ಬರಲಿಲ್ಲ.

ಅಕ್ಕಪಕ್ಕದ ಅಂಗಡಿಯವರೂ ಹೊಟ್ಟಿನ ಒಲೆ ಹಾಕಿಸಿದರು. ನಿನ್ನ ಹೊರೆ ಕೇಳುವವರೇ ಇಲ್ಲವಾದರು. ನೀನು ಕೂಲಿ ಅರಸಿ ಗೋವಾಕ್ಕೆ ಗುಳೇ ಹೋದೆ. ಗುಡ್ಡ ಉಳಿಯಿತೆಂದು ಅರಣ್ಯ ಇಲಾಖೆಯ ಸಾಹೇಬರು ಬಂದು ನನ್ನ ಬೆನ್ನು ತಟ್ಟಿದರು. ಒಲೆ ತುಂಬುವುದು ಕಲಿಸಿದ ನಿನ್ನ ಹೆಸರು ಬಾಯಿಗೆ ಬಂದಿತ್ತು, ನುಂಗಿಕೊಂಡೆ.

ತಪ್ಪಾಯಿತೆಂದು ಬರೆಯುತ್ತಿಲ್ಲ ಅಕ್ಕ. ಹಂಪವ್ವ ಬದುಕಿದ್ದಾಳೆ. ನೀನು ಇವತ್ತು ಬಂದು ಕೇಳಿದರೂ ನಾನು ಬೇಡವೆಂದೇ ಹೇಳಬೇಕು. ಅದೇ ನನ್ನ ಸಂಕಟ.

ನಿನ್ನ ಕಟ್ಟಿಗೆಯನ್ನು ಮಾತ್ರ ಉರಿಸಿಲ್ಲ. ದಿನಾ ಬೆಳಿಗ್ಗೆ ಅದನ್ನೇ ನಡುವೆ ನಿಲ್ಲಿಸಿ ಹೊಟ್ಟು ಗುದ್ದುತ್ತೇನೆ, ಆಮೇಲೆ ಕಿತ್ತು ತೆಗೆಯುತ್ತೇನೆ. ಮೊದಲ ಚಹಾ ಈಗಲೂ ನಿನ್ನ ಜಾಗದಲ್ಲಿ ಇಡುತ್ತೇನೆ. ಅದು ಆರಿದ ಮೇಲೆ ಹಂಪವ್ವ ಚೆಲ್ಲಿ ಬರುತ್ತಾಳೆ.

ಹುಲಿಗೆಮ್ಮ ತಾಯಿ ನಿನ್ನ ತಲೆಯ ಭಾರ ಇಳಿಸಲಿ.

ನಿನ್ನ ತಮ್ಮ,
ಓಬಳೆಪ್ಪ