ತೊಲೆ ಗಟ್ಟಿಯಾಗಿದೆ

ಸೆಪ್ಟೆಂಬರ್ 1, ಸೋಮವಾರ

ಬೆಳಿಗ್ಗೆಯಿಂದ ಮೂರು ಕಿಟಕಿ ಚೌಕಟ್ಟಿನ ಅಳತೆ ತಿದ್ದಿದ್ದೇ ಆಯಿತು. ಅಪ್ಪ ಹೇಳಿದ್ದು ಒಂದು, ಜಾಗದಲ್ಲಿರುವುದು ಇನ್ನೊಂದು. ಅರ್ಧ ಅಂಗುಲ, ಮುಕ್ಕಾಲು ಅಂಗುಲ. ಮೊದಲೆಲ್ಲ ಅಪ್ಪನ ಅಳತೆ ಎಂದರೆ ಮರುಮಾತಿಲ್ಲದೆ ಮರ ಕತ್ತರಿಸುತ್ತಿದ್ದೆವು. ಈಗ ಮೂರು ತಿಂಗಳಿಂದ ನಾನೇ ಇನ್ನೊಮ್ಮೆ ಹೋಗಿ ಟೇಪು ಹಿಡಿದು ಬರುತ್ತಿದ್ದೇನೆ. ಅಪ್ಪನಿಗೆ ಹೇಳಿಲ್ಲ. ಹೇಳಿದರೆ ವರ್ಕ್‌ಶಾಪಿನಲ್ಲಿ ಎರಡು ದಿನ ಯಾರೂ ಉಸಿರೆತ್ತುವ ಹಾಗಿಲ್ಲ.

ಮಧ್ಯಾಹ್ನ ಚರ್ಚಿಗೊಂದು ಪತ್ರ. ಅಪ್ಪ ಹೇಳಿದರು, ನಾನು ಟೈಪ್ ಮಾಡಿದೆ. ‘ಹಾಡುಗಾರರ ಗ್ಯಾಲರಿಯ ಎರಡೂ ತೊಲೆಗಳನ್ನು ಪರೀಕ್ಷಿಸಿದ್ದೇನೆ. ಗಟ್ಟಿಯಾಗಿವೆ. ಜನ ನಿಲ್ಲಬಹುದು.’ ಇಪ್ಪತ್ತೊಂದಕ್ಕೆ ಬಿಷಪ್ ಬರುತ್ತಾರೆ. ಅವತ್ತು ನಲವತ್ತು ಮಂದಿ ಮೇಲೆ ನಿಂತು ಹಾಡುತ್ತಾರೆ, ಅರ್ಧಕ್ಕರ್ಧ ಮಕ್ಕಳು. ಪಾಸ್ಟರ್‌ಗೆ ಕಾಗದ ಬೇಕು. ಚರ್ಚಿನ ಸಭೆಯ ಹಿರಿಯರೂ ಅಪ್ಪನೇ, ಬಡಗಿಯೂ ಅಪ್ಪನೇ. ಕೇಳುವವರೂ ಅವರೇ, ಹೇಳುವವರೂ ಅವರೇ.

“ಸಹಿ ಎಲ್ಲಿ ಹಾಕ್ಬೇಕು, ತೋರಿಸು” ಎಂದರು. ಬೆರಳಿಟ್ಟು ತೋರಿಸಿದೆ.

ಈ ಪರೀಕ್ಷೆ ಯಾವಾಗ ನಡೆಯಿತು? ವರ್ಕ್‌ಶಾಪಿನಿಂದ ಏಣಿ ಹೊರಗೆ ಹೋಗಿದ್ದು ನನಗೆ ನೆನಪಿಲ್ಲ.

ಸೆಪ್ಟೆಂಬರ್ 3, ಬುಧವಾರ

ಮೌನಿಯನ್ನು ವಿಚಾರಿಸಿದೆ. ಇಪ್ಪತ್ತು ವರ್ಷದಿಂದ ಅಪ್ಪನ ಜೊತೆಗಿರುವ ಕೆಲಸಗಾರ. ಬಾಯಿಗೆ ಬಿಡುವೇ ಇಲ್ಲದ್ದಕ್ಕೆ ಆ ಹೆಸರು ಬಿತ್ತು. ಇವತ್ತು ಮಾತ್ರ ಹೆಸರಿಗೆ ತಕ್ಕ ಹಾಗಿದ್ದ. ಕೆದಕಿ ಕೆದಕಿ ಕೇಳಿದ ಮೇಲೆ ಇಷ್ಟು ಬಂತು: ಹೋದ ತಿಂಗಳು ಒಂದು ಸಂಜೆ ಇಬ್ಬರೂ ಚರ್ಚಿಗೆ ಹೋಗಿದ್ದರು. ಅಲ್ಲಿನ ಏಣಿಯನ್ನೇ ಇಟ್ಟರು. ಅಪ್ಪ ನಾಲ್ಕು ಮೆಟ್ಟಿಲು ಹತ್ತಿ ತೊಲೆಯ ನಡುಭಾಗಕ್ಕೆ ಸುತ್ತಿಗೆಯಿಂದ ಎರಡು ಸಲ ಬಡಿದರು. ಇಳಿದರು. ಹತ್ತು ನಿಮಿಷ.

ತುದಿಗಳು? ಗೋಡೆಯೊಳಗೆ ಕೂರುವ ಜಾಗ? ಮರ ಮೊದಲು ಕೆಡುವುದೇ ಅಲ್ಲಿ. ಅದನ್ನು ನನಗೆ ಹೇಳಿಕೊಟ್ಟವರೇ ಅಪ್ಪ.

“ಯಜಮಾನ್ರು ಸರಿ ಅಂದ್ಮೇಲೆ ನಾನ್ಯಾಕೆ ನೋಡ್ಲಿ ಅಕ್ಕಾ” ಎಂದ ಮೌನಿ.

ಸೆಪ್ಟೆಂಬರ್ 7, ಭಾನುವಾರ

ಚರ್ಚಿನಲ್ಲಿ ಬೇಕೆಂದೇ ಕೊನೆಯ ಬೆಂಚಿನಲ್ಲಿ ಕುಳಿತೆ, ಗ್ಯಾಲರಿಯ ಕೆಳಗೆ. ಪ್ರಸಂಗದುದ್ದಕ್ಕೂ ತಲೆ ಎತ್ತಿಯೇ ಇದ್ದೆ. ಪಕ್ಕದವರು ನನ್ನದು ಭಾರೀ ಭಕ್ತಿ ಎಂದುಕೊಂಡಿರಬೇಕು.

ಎಡಗಡೆ ತೊಲೆ ಗೋಡೆಗೆ ಸೇರುವಲ್ಲಿ ಬೆರಳಗಲದ ಮಣ್ಣಿನ ಸಾಲು. ಗೆದ್ದಲು. ಸುಣ್ಣದ ಗೋಡೆಯ ಮೇಲೆ ಎದ್ದು ಕಾಣುತ್ತದೆ. ಇದು ಅಪ್ಪನಿಗೆ ಕಾಣಲಿಲ್ಲವೇ? ಇಲ್ಲಾ, ಕಂಡೂ ಕಾಣದ ಹಾಗೆ ಇದ್ದರೇ?

ಇವತ್ತು ಬೈಬಲ್ ವಾಕ್ಯ ಓದುವ ಸರದಿ ಅಪ್ಪನದು. ಪುಸ್ತಕ ತೆರೆದಿಟ್ಟುಕೊಂಡು, ಅದರ ಕಡೆ ನೋಡದೆಯೇ ಇಡೀ ಅಧ್ಯಾಯ ಒಪ್ಪಿಸಿದರು. ಎಲ್ಲರೂ ತಲೆದೂಗಿದರು. ನನಗೇಕೋ ಕಸಿವಿಸಿ. ಇಷ್ಟೊಂದು ಪ್ರದರ್ಶನ ಅಪ್ಪನ ಸ್ವಭಾವವಲ್ಲ. ಏನನ್ನೋ ಗಿಟ್ಟಿಸಿಕೊಳ್ಳಲು ಹೊರಟವರ ಹಾಗಿತ್ತು.

ಸೆಪ್ಟೆಂಬರ್ 9, ಮಂಗಳವಾರ. ಸಂಜೆ 5

ಪಾಸ್ಟರ್ ವರ್ಕ್‌ಶಾಪಿಗೆ ಬಂದಿದ್ದರು. ಅಪ್ಪ ಆಫೀಸಿನ ಬಾಗಿಲು ಹಾಕಿಕೊಂಡರು. ಆ ಬಾಗಿಲು ಮುಚ್ಚಿದ್ದನ್ನು ನಾನು ನೋಡಿಯೇ ಇರಲಿಲ್ಲ, ಕೀಲು ಕಿರ್‍ರೆಂದಿತು. ಬಡಗಿಯ ಮನೆಯ ಬಾಗಿಲು!

ಹಲಗೆ ಎತ್ತಿಡುವ ನೆಪದಲ್ಲಿ ಹೊರಗೆ ನಿಂತೆ. ಹೌದು, ಕದ್ದು ಕೇಳಿದೆ. ಈ ವಯಸ್ಸಿನಲ್ಲಿ, ಮೂವತ್ತಾರಕ್ಕೆ. ಪಾಸ್ಟರ್ ಅಂದದ್ದು ಸ್ಪಷ್ಟವಾಗಿ ಕೇಳಿಸಿತು: “ಮೇಲಿನ ಸಮಿತಿಗೆ ನಿಮ್ಮ ಹೆಸರೇ ಕಳಿಸಿದ್ದೀನಿ. ಬಿಷಪ್ ಬಂದಾಗ ಒಂದು ಮಾತು ಆಡಿಬಿಡೋಣ.” ಅಪ್ಪ ಏನೋ ಗೊಣಗಿದರು. ನಕ್ಕರು.

ಹಾಗಾದರೆ ಇದು. ಗ್ಯಾಲರಿ ಮುಚ್ಚಿದರೆ ಬಿಷಪ್ ಮುಂದೆ ಪಾಸ್ಟರ್‌ಗೆ ಮುಖಭಂಗ. ಅಪ್ಪ ಸಹಿ ಕೊಟ್ಟರು, ಪಾಸ್ಟರ್ ಕುರ್ಚಿ ಕೊಡುತ್ತಾರೆ.

ಹೀಗೆ ಬರೆಯಲು ಕೈ ಬರುತ್ತಿಲ್ಲ. ಆದರೂ ಬರೆದೆ.

ಸೆಪ್ಟೆಂಬರ್ 13, ಶನಿವಾರ

ಹಾಡಿನ ಟೀಚರ್ ಹತ್ತಿರ ಚರ್ಚಿನ ಕೀಲಿ ಇಸಿದುಕೊಂಡೆ. ಅಳತೆ ಬೇಕು ಎಂದೆ. ಸುಳ್ಳು. ಅವರಿಗೇನೂ ಅನುಮಾನವಿಲ್ಲ, ಮಕ್ಕಳನ್ನು ಹೇಗೆ ನಿಲ್ಲಿಸುವುದು, ಕುಳ್ಳರು ಮುಂದೆಯೋ ಎತ್ತರದವರು ಮುಂದೆಯೋ, ಅದೇ ಚಿಂತೆ.

ಒಬ್ಬಳೇ ಏಣಿ ಹಾಕಿಕೊಂಡು ಹತ್ತಿದೆ. ಎಡ ತೊಲೆಯ ಮಣ್ಣು ಹಿಡಿದ ತುದಿಗೆ ದಬ್ಬಣ ಒತ್ತಿದೆ. ಬೆಣ್ಣೆಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಹೋಯಿತು. ಎಳೆದರೆ ಹುಡಿ ಸುರಿಯಿತು, ಕೊರಳೊಳಗೆಲ್ಲ. ಮೇಲಿನ ಬಣ್ಣ ಮಾತ್ರ ಗಟ್ಟಿ. ಉಳಿದ ಮೂರು ತುದಿಯಲ್ಲಿ ಒಂದು ಪರವಾಗಿಲ್ಲ, ಎರಡು ಅರ್ಧಂಬರ್ಧ.

ಇಳಿದು, ಬೆಂಚಿನ ಮೇಲೆ ಬಿದ್ದ ಹುಡಿಯನ್ನೆಲ್ಲ ಗುಡಿಸಿದೆ. 

ಸೆಪ್ಟೆಂಬರ್ 14, ಭಾನುವಾರ

ಅಪ್ಪನ ಮುಖ ನೋಡಿ ಹೇಳುವ ಧೈರ್ಯ ಇಲ್ಲ. ಎಂಟನೇ ಕ್ಲಾಸಿನಲ್ಲೂ ಇರಲಿಲ್ಲ, ಈಗಲೂ ಇಲ್ಲ. ಕಾಗದ ಬರೆದೆ. ‘ಅಪ್ಪ, ಎಡ ತೊಲೆ ಸತ್ತಿದೆ. ನೀವು ನೋಡದೆ ಸಹಿ ಹಾಕಿದಿರಿ, ಇಲ್ಲವೇ ನೋಡಿಯೂ ಸುಳ್ಳು ಬರೆದಿರಿ. ಯಾವುದೆಂದು ನನಗೆ ಹೇಳಿ.’ ಆರು ಸಲ ಹರಿದು ಏಳನೆಯದನ್ನು ಉಳಿಸಿಕೊಂಡೆ. ನಾಳೆ ಕೊಡುತ್ತೇನೆ.

ಸೆಪ್ಟೆಂಬರ್ 15, ಸೋಮವಾರ

ಕೊಟ್ಟೆ. ಟೀ ಹೊತ್ತಿಗೆ. “ಇದನ್ನ ಓದಿ ಅಪ್ಪ” ಎಂದೆ, ಅಷ್ಟೇ.

ಕಾಗದ ಬಿಡಿಸಿದರು. ಓದಲು ಎಷ್ಟು ಹೊತ್ತು ಬೇಕೋ ಅಷ್ಟೂ ಹೊತ್ತು ಹಿಡಿದುಕೊಂಡರು. ಮುಖದ ಮೇಲೆ ಒಂದು ಗೆರೆ ಅಲುಗಲಿಲ್ಲ. ನೀಟಾಗಿ ಮಡಚಿದರು.

“ಚೆನ್ನಾಗೇ ಬರ್ದಿದ್ದೀಯ. ಪಾಸ್ಟರ್‌ಗೂ ಒಂದು ಕಾಪಿ ಕೊಟ್ಬಿಡು.”

ಎದ್ದು ಹೋದರು.

ನನಗೆ ಮೈ ಉರಿದುಹೋಯಿತು. ಸುಳ್ಳುಗಾರ ಎಂದು ಮಗಳು ಬರೆದುಕೊಟ್ಟರೆ ಕಾಪಿ ಕೊಡು ಎನ್ನುವುದೇ? ಅಪ್ಪ, ಪಾಸ್ಟರ್ ಇಬ್ಬರಿಗೂ ನನ್ನಿಂದ ಏನೂ ಆಗದು ಎಂಬ ಧೈರ್ಯ, ಅಷ್ಟು ಗಟ್ಟಿಯಾಗಿ ಕೂತಿದ್ದಾರೆ.

ಸೆಪ್ಟೆಂಬರ್ 16, ಮಂಗಳವಾರ

ಅಮ್ಮನ ಹತ್ತಿರ ಕೂಗಾಡಿದೆ. ಅಡುಗೆಮನೆಯಲ್ಲಿ, ಅಪ್ಪ ಇಲ್ಲದಾಗ. ಗೆದ್ದಲು, ಪಾಸ್ಟರ್, ಕುರ್ಚಿ, ಕಾಗದ, ಕಾಪಿ — ಎಲ್ಲ ಒಂದೇ ಉಸಿರಿಗೆ. ಅಮ್ಮ ತೊಳೆದಿದ್ದ ಲೋಟವನ್ನೇ ಮತ್ತೆ ತೊಳೆಯುತ್ತಿದ್ದಳು. ಆಮೇಲೆ ನಲ್ಲಿ ನಿಲ್ಲಿಸಿದಳು.

“ಅವರು ಆ ಕಾಗದ ಓದಿಲ್ಲ ಕಣೇ. ಅವರಿಗೆ ಕಾಣಲ್ಲ.”

ಒಂದೂವರೆ ವರ್ಷವಾಯಿತಂತೆ. ಕಣ್ಣಿನ ನರ. ಬೆಳಕು ಗೊತ್ತಾಗುತ್ತದೆ, ನೆರಳು ಗೊತ್ತಾಗುತ್ತದೆ, ಮನುಷ್ಯರ ಆಕಾರ ಗೊತ್ತಾಗುತ್ತದೆ. ಅಕ್ಷರ ಮೊದಲೇ ಹೋಯಿತು, ಈಗ ಮೂರು ತಿಂಗಳಿಂದ ಟೇಪಿನ ಗೆರೆಯೂ ಇಲ್ಲ. ಹೋದ ನೋಟ ಮರಳಿ ಬರುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾರೆ. ವಾಕ್ಯವನ್ನು ಹಿಂದಿನ ವಾರವೆಲ್ಲ ಅಮ್ಮ ಓದಿ ಓದಿ ಬಾಯಿಪಾಠ ಮಾಡಿಸುತ್ತಾಳೆ. ವಾಕ್ಯ ಓದುವ ಪುಲ್ಪಿಟ್‌ಗೆ ಮೂರು ಮೆಟ್ಟಿಲು, ವರ್ಕ್‌ಶಾಪಿನ ಬಾಗಿಲಿಂದ ಟೇಬಲ್ಲಿಗೆ ಹನ್ನೊಂದು ಹೆಜ್ಜೆ. ಎಲ್ಲ ಲೆಕ್ಕ ಇಟ್ಟಿದ್ದಾರೆ. ನನಗೆ ಹೇಳಬಾರದೆಂದು ಅಮ್ಮನಿಂದ ಆಣೆ ಮಾಡಿಸಿಕೊಂಡಿದ್ದರು.

ನಾನು ಹದಿನೈದು ದಿನ ಕಳ್ಳನನ್ನು ಹಿಡಿಯುವವಳ ಹಾಗೆ ಅವರ ಬೆನ್ನು ಬಿದ್ದಿದ್ದೆ. ಮಣ್ಣಿನ ಸಾಲು ಕಂಡಿತು, ಅಪ್ಪ ಕಾಣಲಿಲ್ಲ.

ಅಳಬೇಕಿತ್ತು. ಸಿಟ್ಟೇ ಬಂತು. ಕಾಣದವರು ‘ಪರೀಕ್ಷಿಸಿದ್ದೇನೆ’ ಎಂದು ಹೇಗೆ ಬರೆಸಿದರು?

ಬರೆದವಳು ನಾನೇ. ಸಹಿಯ ಜಾಗ ತೋರಿಸಿದ್ದೂ ನಾನೇ.

ಸೆಪ್ಟೆಂಬರ್ 18, ಗುರುವಾರ

ಪಾಸ್ಟರ್ ಮನೆಗೆ ಹೋದೆ. ತೊಲೆಯ ವಿಷಯ ಮಾತ್ರ ಹೇಳಿದೆ, ಕಣ್ಣಿನದು ಹೇಳಲಿಲ್ಲ. ಅವರು ಪೂರ್ತಿ ಕೇಳಿಸಿಕೊಂಡರು. ಕೆಟ್ಟ ಮನುಷ್ಯ ಅನಿಸಲಿಲ್ಲ. ಹೆದರಿದ್ದಾರೆ ಅನಿಸಿತು. ಹಿರಿಯರ ಸಹಿ ಇರುವ ಕಾಗದ ಫೈಲಿನಲ್ಲಿದೆ, ಮಗಳ ಮಾತು ಹಿಡಿದು ಅದನ್ನು ಹೇಗೆ ತಳ್ಳಿಹಾಕಲಿ ಎಂದರು. ಅಪ್ಪನೇ ಬಂದು ಹೇಳಲಿ, ಆ ಕ್ಷಣ ಗ್ಯಾಲರಿಗೆ ಬೀಗ ಹಾಕುತ್ತೇನೆ ಎಂದರು.

“ಏನಾದ್ರೂ ಆದ್ರೆ ಯಾರು ಹೊಣೆ ಪಾಸ್ಟರ್?”

“ಸಹಿ ಹಾಕಿದವರು” ಎಂದರು. ಉತ್ತರ ಸಿದ್ಧವಾಗಿಯೇ ಇತ್ತು.

ಮನೆಯಲ್ಲಿ ಅಮ್ಮನದು ಇನ್ನೊಂದು. ಭಾನುವಾರ ಹೇಗಾದರೂ ಕಳೆಯಲಿ, ಆಮೇಲೆ ಸದ್ದಿಲ್ಲದೆ ರಿಪೇರಿ ಮಾಡಿಸೋಣ, ಅವರ ಮರ್ಯಾದೆ ಉಳಿಯಲಿ. ನಲವತ್ತು ಮಂದಿ ಅಮ್ಮ, ಎಂದೆ. 

ಸೆಪ್ಟೆಂಬರ್ 20, ಶನಿವಾರ

ಅಪ್ಪನನ್ನು ಚರ್ಚಿಗೆ ಕರೆದುಕೊಂಡು ಹೋದೆ. ಯಾಕೆಂದು ಕೇಳಲಿಲ್ಲ; ಅಮ್ಮ ಹೇಳಿರಬೇಕು. ದಾರಿಯಲ್ಲಿ ಮೊದಲ ಸಲ ನನ್ನ ತೋಳು ಹಿಡಿದರು. ಹಗುರವಾಗಿ, ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡುವವರ ಹಾಗೆ.

ಏಣಿ ಗೋಡೆಗೆ ಒರಗಿಸಿದೆ. ಅವರು ಮುಂದೆ, ನಾನು ಹಿಂದೆ, ಎರಡೂ ಕಡೆ ಕೈ ಕೊಟ್ಟು ಹತ್ತಿದೆವು. ಎಡ ತೊಲೆಯ ಆ ತುದಿಯ ಮೇಲೆ ಅವರ ಅಂಗೈ ಇಟ್ಟೆ. ಮಣ್ಣಿನ ಸಾಲು ತಾಗಿತು. ಕೈ ನಿಂತಿತು. ಹೆಬ್ಬೆರಳಿನಿಂದ ಒತ್ತಿದರು, ಬಣ್ಣದ ಪದರ ಒಡೆದು ಬೆರಳು ಒಳಗೆ ಹೋಯಿತು.

ಇಳಿದು ಬೆಂಚಿನ ಮೇಲೆ ಕುಳಿತರು. ಬೆರಳಿಗಂಟಿದ ಹುಡಿಯನ್ನು ಒರೆಸಲಿಲ್ಲ.

“ಅವತ್ತು ಇನ್ನೂ ಮೇಲೆ ಹತ್ತೋಕೆ ಭಯ ಆಯ್ತು. ಮೌನಿ ನಿಂತಿದ್ದ. ಅವನ ಮುಂದೆ ತಡಕಾಡೋಕೆ ಆಗ್ಲಿಲ್ಲ.”

ನಾನೂ ಪಕ್ಕದಲ್ಲಿ ಕುಳಿತೆ.

“ನಿನಗೆ ಗೊತ್ತಿತ್ತಾ? ನನ್ನ ಕಣ್ಣು?”

“ಇಲ್ಲ.”

“ಅಳತೆ ತಿದ್ತಿದ್ದೆಯಲ್ಲ.”

ಗೊತ್ತಂತೆ! ಮೂರು ತಿಂಗಳೂ ಗೊತ್ತಂತೆ. ನಾನು ಹಿಂದೆ ಹೋಗಿ ಟೇಪು ಹಿಡಿಯುತ್ತೇನೆ ಎಂಬ ಧೈರ್ಯದ ಮೇಲೇ ಅಳತೆ ಹೇಳುತ್ತಿದ್ದರಂತೆ. ತೊಲೆಯನ್ನೂ ನಾನು ಹೋಗಿ ನೋಡಿಯೇ ಟೈಪ್ ಮಾಡಿದ್ದೇನೆ ಎಂದುಕೊಂಡಿದ್ದರಂತೆ. ನಾನು ಅವರನ್ನು ನಂಬಿ ಬರೆದೆ, ಅವರು ನನ್ನನ್ನು ನಂಬಿ ಸಹಿ ಹಾಕಿದರು. ನಡುವೆ ತೊಲೆಯನ್ನು ಯಾರೂ ನೋಡಲಿಲ್ಲ.

“ನಾಳೆ ನಾನೇ ಹೇಳ್ತೀನಿ” ಎಂದರು.

ಹೇಳುತ್ತಾರೆಯೇ? ಬಿಷಪ್ ಮುಂದೆ? ನಂಬಿಕೆ ಬರುತ್ತಿಲ್ಲ. ಗ್ಯಾಲರಿ ಮೆಟ್ಟಿಲ ಬಾಗಿಲಿಗೆ ಬೀಗ ಹಾಕಿ ಕೀಲಿ ನನ್ನ ಬ್ಯಾಗಿಗೆ ಹಾಕಿಕೊಂಡಿದ್ದೇನೆ. ಅಪ್ಪನಿಗೆ ತಿಳಿಸಿಲ್ಲ.

ಸೆಪ್ಟೆಂಬರ್ 21, ಭಾನುವಾರ. ಮಧ್ಯಾಹ್ನ

ಹೇಳಿದರು.

ಆರಂಭದ ಪ್ರಾರ್ಥನೆಗೆ ಮೊದಲೇ ಎದ್ದರು. ಮಕ್ಕಳು ಮೆಟ್ಟಿಲ ಬುಡದಲ್ಲಿ ಸಾಲು ನಿಂತಿದ್ದರು. ಹಾಡಿನ ಟೀಚರ್ ಬೀಗ ಜಗ್ಗುತ್ತಾ ಸುತ್ತ ನೋಡುತ್ತಿದ್ದರು. ಪಾಸ್ಟರ್ ಅರ್ಧ ಎದ್ದು, ಮತ್ತೆ ಕೂತರು. ಅಪ್ಪ ಪುಲ್ಪಿಟ್ ಹತ್ತಲಿಲ್ಲ. ನೆಲದಲ್ಲೇ ನಿಂತರು, ಬೆಂಚು ಹಿಡಿದು.

“ಗ್ಯಾಲರಿ ಗಟ್ಟಿಯಾಗಿದೆ ಅಂತ ಸಹಿ ಹಾಕಿದ್ದು ನಾನು. ನಾನು ನೋಡಿರ್ಲಿಲ್ಲ. ನೋಡೋಕೆ ನನಗೆ ಕಣ್ಣಿಲ್ಲ, ಒಂದೂವರೆ ವರ್ಷದಿಂದ. ಆ ತೊಲೆ ಒಳಗೆ ಟೊಳ್ಳು. ಯಾರೂ ಹತ್ತಬೇಡಿ. ಇಷ್ಟು ದಿನ ಮುಚ್ಚಿಟ್ಟಿದ್ದಕ್ಕೆ ಕ್ಷಮಿಸಿ.”

 ಟೈಪ್ ಮಾಡಿದವಳ ಮಾತು ಅಪ್ಪನ ಬಾಯಲ್ಲಿ ಬರಲೇ ಇಲ್ಲ. ಕಾಯುತ್ತಿದ್ದೆ, ಬರಲಿಲ್ಲ. ಎದ್ದು ನಿಂತು ‘ನನ್ನ ತಪ್ಪೂ ಇದೆ’ ಎನ್ನಬೇಕಿತ್ತು. ಬೆಂಚಿಗೆ ಅಂಟಿಕೊಂಡಿದ್ದೆ.

ಮಕ್ಕಳು ನೆಲದ ಮೇಲೇ ನಿಂತು ಹಾಡಿದರು. ಕುಳ್ಳರು ಮುಂದೆ.

ಹೊರಗೆ ಬರುವಾಗ ಇಬ್ಬರು ಅಪ್ಪನ ಕೈ ಹಿಡಿದರು. ಒಬ್ಬ ತಾಯಿ ಮಗುವನ್ನು ಎಳೆದುಕೊಂಡು, ತಿರುಗಿಯೂ ನೋಡದೆ ಹೋದಳು. ಅವಳದ್ದು ತಪ್ಪಲ್ಲ. ಬಿಷಪ್ ಊಟಕ್ಕೆ ಪಾಸ್ಟರ್ ಮನೆಗೆ ಹೋದರು. ಸಮಿತಿಯ ಸುದ್ದಿ ಯಾರೂ ಎತ್ತಲಿಲ್ಲ.

ಸಂಜೆ 6. ಅಪ್ಪ ಹಿರಿಯರ ಸ್ಥಾನ ಬಿಡುವ ಪತ್ರ ಹೇಳಿ ಬರೆಸಿದರು. ಬರೆದ ಮೇಲೆ ಅವರು ಕೇಳದಿದ್ದರೂ ಗಟ್ಟಿಯಾಗಿ ಓದಿದೆ. ಎರಡು ಸಲ.

ಅಕ್ಟೋಬರ್ 9, ಗುರುವಾರ

ಹೊಸ ತೊಲೆಗಳು ಕೂತವು. ಮೌನಿ ಮತ್ತು ನಾನು, ಕೂಲಿಗೆ ಬಂದ ನಾಲ್ವರು. ಹಳೆಯ ಎಡ ತೊಲೆ ಇಳಿಸುವಾಗ ಮಧ್ಯದಲ್ಲೇ ಎರಡಾಯಿತು. ಅಪ್ಪ ಎರಡು ದಿನವೂ ಕೆಳಗೆ ಬೆಂಚಿನಲ್ಲಿ ಕುಳಿತು ಗರಗಸದ ಸದ್ದಿನಲ್ಲೇ ತಪ್ಪು ಹೇಳುತ್ತಿದ್ದರು. ಹೆಚ್ಚಿನ ಸಲ ಸರಿಯಾಗಿಯೇ ಹೇಳಿದರು. ಮೌನಿಯ ಬಾಯಿ ಮತ್ತೆ ತೆರೆದಿದೆ, ತಡೆಯುವುದೇ ಕಷ್ಟ.

ಮಧ್ಯಾಹ್ನ ಪಾಸ್ಟರ್ ಕಾಗದ ಕಳಿಸಿದ್ದಾರೆ. ಅದೇ ವಾಕ್ಯ. ‘ಎರಡೂ ತೊಲೆಗಳನ್ನು ಪರೀಕ್ಷಿಸಿದ್ದೇನೆ. ಗಟ್ಟಿಯಾಗಿವೆ. ಜನ ನಿಲ್ಲಬಹುದು.’ ಕೆಳಗೆ ಈ ಸಲ ನನ್ನ ಹೆಸರು. ಟೀಗೆ ಮೊದಲು ಬೇಕಂತೆ, ಮಕ್ಕಳು ಅಭ್ಯಾಸಕ್ಕೆ ಬರುತ್ತಾರೆ.

ಪೆನ್ನು ತೆಗೆದೆ. ಅಪ್ಪ ಆ ಕಡೆಯಿಂದ ಕೇಳಿದರು, “ನಾಲ್ಕೂ ತುದಿ ನೋಡಿದ್ಯಾ?”

ನೋಡಿದೆ ಎಂದೆ.

“ನೀನೇ ನೋಡಿದ್ಯಾ?”

ಮೂರು ನಾನೇ ನೋಡಿದೆ. ನಾಲ್ಕನೆಯದಕ್ಕೆ ಬೆಣೆ ಬಡಿದದ್ದು ಮೌನಿ. ಸರಿ ಇದೆ ಅಕ್ಕಾ ಎಂದ. ನಾನು ಕೆಳಗೆ ನಿಂತೇ ತಲೆಯಾಡಿಸಿದೆ. ಮೌನಿ ಸುಳ್ಳು ಹೇಳುವವನಲ್ಲ. ಇಪ್ಪತ್ತು ವರ್ಷದ ಕೈ.

ಆದರೂ. ಏಣಿ ಇನ್ನೂ ಅಲ್ಲೇ ಇದೆ, ಮಕ್ಕಳು ಗೇಟಿನ ಹತ್ತಿರ ಬಂದಾಯಿತು, ಸದ್ದು ಕೇಳಿಸುತ್ತಿದೆ. ಇದನ್ನು ಆಮೇಲೆ ಬರೆಯುತ್ತೇನೆ, ಮೊದಲು ಹೋಗಿ —